ಕೈಯಲ್ಲಿ ವೋಟರ್ ಐಡಿ, ಪಟ್ಟಿಯಲ್ಲಿ ಹೆಸರಿಲ್ಲ: ಮತ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯವಳು. ಕೆಲಸಕ್ಕಾಗಿ ಬೆಂಗಳೂರಿಗೆ ಬಂದು ಬಾಡಿಗೆ ಮನೆಯಲ್ಲಿದ್ದೇನೆ. ನನ್ನ ವೋಟರ್ ಐಡಿ ಇನ್ನೂ ಊರಿನ ವಿಳಾಸದಲ್ಲೇ ಇದೆ. ಕಳೆದ ಲೋಕಸಭಾ ಚುನಾವಣೆಯಲ್ಲಿ ಅಮ್ಮ ಕಾರ್ಡ್ ಹಿಡಿದು ಹೋದರೂ ಪಟ್ಟಿಯಲ್ಲಿ ಹೆಸರಿಲ್ಲ ಎಂದು ವಾಪಸ್ ಕಳಿಸಿದರು. ಅದೇ ಬೂತಿನಲ್ಲಿ ಚಿಕ್ಕಪ್ಪನ ಮತವನ್ನು ಅವರು ಹೋಗುವ ಮೊದಲೇ ಯಾರೋ ಹಾಕಿಬಿಟ್ಟಿದ್ದರು. ಆಧಾರ್ ಜೋಡಿಸದಿದ್ದರೆ ಹೆಸರು ತೆಗೆಯುತ್ತಾರೆ ಎಂಬುದು ನಿಜವೇ? ವಿಶೇಷ ಪರಿಷ್ಕರಣೆ ನಡೆದರೆ ಯಾವ ಕಾಗದ ಬೇಕು? ತಮ್ಮ ಲಂಡನ್‌ನಲ್ಲಿದ್ದಾನೆ, ಪಾಸ್‌ಪೋರ್ಟ್ ಭಾರತದ್ದೇ. ಅವನು ಮತ ಹಾಕಬಹುದೇ?

ಉತ್ತರ: ವೋಟರ್ ಐಡಿ ಇದ್ದ ಮಾತ್ರಕ್ಕೆ ಮತ ಹಾಕುವ ಹಕ್ಕು ಬರುವುದಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಕಲಂ ಪ್ರಕಾರ ಆ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಮತ. ಪಟ್ಟಿಯಲ್ಲಿರುವ ವ್ಯಕ್ತಿ ನೀವೇ ಎಂದು ತೋರಿಸುವುದಷ್ಟೇ ಕಾರ್ಡಿನ ಕೆಲಸ. ಹೆಸರಿದ್ದು ಕಾರ್ಡ್ ಕಳೆದುಹೋಗಿದ್ದರೆ ಆಧಾರ್ ತೋರಿಸಿಯೂ ಮತ ಹಾಕಬಹುದು. ಕಾರ್ಡಿದ್ದು ಹೆಸರಿಲ್ಲದಿದ್ದರೆ ಮತಗಟ್ಟೆ ಅಧ್ಯಕ್ಷಾಧಿಕಾರಿ ಮನಸ್ಸು ಮಾಡಿದರೂ ಅವಕಾಶ ಕೊಡುವಂತಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಪರಿಹಾರ ಇರುವುದು ಮತದಾನದ ದಿನದಲ್ಲಲ್ಲ, ಅದಕ್ಕೂ ವಾರಗಳ ಮೊದಲು.

ಅಮ್ಮನ ಹೆಸರಿನಿಂದ ಶುರು ಮಾಡೋಣ.

ಭಾರತ ಚುನಾವಣಾ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಲು ಎರಡು ದಾರಿಗಳಿವೆ, ಎರಡನ್ನೂ ನೋಡಿ. ಮೊದಲು ಕಾರ್ಡಿನ ಮೇಲಿರುವ ಎಪಿಕ್ ಸಂಖ್ಯೆ (ಮೂರು ಅಕ್ಷರ, ಏಳು ಅಂಕಿ) ಹಾಕಿ ಹುಡುಕಿ. ಸಿಗದಿದ್ದರೆ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಕ್ಷೇತ್ರ ಹಾಕಿ ಹುಡುಕಿ. ಸಂಖ್ಯೆ ಬದಲಾಗಿಯೋ ಹೆಸರಿನ ಕಾಗುಣಿತ ತಪ್ಪಾಗಿಯೋ ಪಕ್ಕದ ಬೂತಿಗೆ ಹೋದ ಹೆಸರುಗಳು ಎಷ್ಟೋ ಇರುತ್ತವೆ. ಹಳ್ಳಿಗಳಲ್ಲಿ ‘ಹೆಸರಿಲ್ಲ’ ಎಂದು ವಾಪಸಾದವರಲ್ಲಿ ಕೆಲವರ ಹೆಸರು ಅದೇ ಶಾಲೆಯ ಇನ್ನೊಂದು ಕೋಣೆಯ ಪಟ್ಟಿಯಲ್ಲಿರುತ್ತದೆ. ಇಂಟರ್ನೆಟ್ ಇಲ್ಲದವರು 1950ಕ್ಕೆ ಕರೆ ಮಾಡಿ ಕೇಳಬಹುದು.

ಎರಡೂ ಕಡೆ ಸಿಗದಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಿಂದ ನಿಮ್ಮ ಊರಿನ ಭಾಗದ ಪಟ್ಟಿಯನ್ನು ಇಳಿಸಿಕೊಂಡು ಕೊನೆಯ ಪುಟಗಳಿಗೆ ಹೋಗಿ. ಅಲ್ಲಿ ಪೂರಕ ಪಟ್ಟಿಗಳಿರುತ್ತವೆ: ಸೇರ್ಪಡೆ, ಅಳಿಸಿದ್ದು, ತಿದ್ದಿದ್ದು. ಅಳಿಸಿದ ಹೆಸರುಗಳ ಮುಂದೆ ಒಂದೊಂದು ಇಂಗ್ಲಿಷ್ ಅಕ್ಷರವಿರುತ್ತದೆ. ‘ಇ’ ಎಂದರೆ ಮೃತರು, ‘ಎಸ್’ ಎಂದರೆ ವಾಸ ಬದಲಿಸಿದವರು, ‘ಆರ್’ ಎಂದರೆ ಎರಡು ಸಲ ಇದ್ದ ಹೆಸರು, ‘ಎಂ’ ಎಂದರೆ ಪತ್ತೆಯಾಗದವರು, ‘ಕ್ಯೂ’ ಎಂದರೆ ಅನರ್ಹರು. ಅಮ್ಮನ ಹೆಸರಿನ ಮುಂದೆ ಯಾವ ಅಕ್ಷರವಿದೆ ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ‘ಆರ್’ ಇದ್ದರೆ ಇನ್ನೆಲ್ಲೋ ಅವರ ಇನ್ನೊಂದು ನಮೂದು ಉಳಿದಿರಬೇಕು, ಅದನ್ನು ಹುಡುಕಿ. ಬದುಕಿರುವವರ ಹೆಸರಿನ ಮುಂದೆ ‘ಇ’ ಕಂಡರೆ ಮನೆಯ ಬೇರೆಯವರ ಮರಣದ ಮಾಹಿತಿ ತಪ್ಪು ಸಾಲಿಗೆ ಹೋಗಿರುವ ಸಾಧ್ಯತೆಯೇ ಹೆಚ್ಚು. ಮಾವ ತೀರಿಕೊಂಡಾಗ ಅತ್ತೆಯ ಹೆಸರು ಹೋಗುವುದು ಹೀಗೆ.

‘ಎಸ್’ ಅಥವಾ ‘ಎಂ’ ಇದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ನೋಟಿಸ್ ಕೊಟ್ಟಿದ್ದಿರಾ? 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಕಲಂ ಪ್ರಕಾರ, ವಾಸ ಬಿಟ್ಟಿದ್ದಾರೆ ಅಥವಾ ಅರ್ಹರಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮೊದಲು ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಕೊಡಲೇಬೇಕು. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು: ಈಗಾಗಲೇ ಪಟ್ಟಿಯಲ್ಲಿರುವ ವ್ಯಕ್ತಿಯ ಹೆಸರು ಸರಿಯಾದ ವಿಚಾರಣೆಯ ನಂತರವೇ ಸೇರಿದೆ ಎಂದು ಭಾವಿಸಬೇಕು, ಸಾರಾಸಗಟಾಗಿ ಸಂಶಯದ ಮೇಲೆ ತೆಗೆಯುವಂತಿಲ್ಲ. ಮತದಾರರ ನೋಂದಣಿ ಅಧಿಕಾರಿಗೆ (ಸಾಮಾನ್ಯವಾಗಿ ಉಪವಿಭಾಗಾಧಿಕಾರಿ, ಅವರ ಸಹಾಯಕರಾಗಿ ತಹಶೀಲ್ದಾರರು) ಲಿಖಿತ ಅರ್ಜಿ ಕೊಟ್ಟು ಅಳಿಸಿದ ಆದೇಶ, ನೋಟಿಸಿನ ನಕಲು, ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ವರದಿ ಕೇಳಿ. ಆದೇಶವಾಗಿ 15 ದಿನದೊಳಗಿದ್ದರೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅವರ ಆದೇಶವೂ ವಿರುದ್ಧ ಬಂದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಎರಡನೇ ಮೇಲ್ಮನವಿ.

ನಿಮ್ಮ ಅಮ್ಮನ ವಿಷಯದಲ್ಲಿ ಆ ಅವಧಿ ಎಂದೋ ಮುಗಿದಿದೆ. ಆದ್ದರಿಂದ ಫಾರಂ 6 ತುಂಬಿ ಹೊಸದಾಗಿ ಸೇರಿಸುವುದೇ ಬೇಗ ಆಗುವ ಕೆಲಸ. ಜೊತೆಗೆ ಹಳೆಯ ಕಾರ್ಡಿನ ನಕಲು, ಹಿಂದೆ ಹೆಸರಿದ್ದ ಪಟ್ಟಿಯ ಪುಟದ ಪ್ರಿಂಟ್, ಮತ್ತು ‘ಹಿಂದೆ ಇಂಥ ಭಾಗದ ಇಂಥ ಕ್ರಮಸಂಖ್ಯೆಯಲ್ಲಿ ಹೆಸರಿತ್ತು, ತಪ್ಪಾಗಿ ಅಳಿಸಲಾಗಿದೆ’ ಎಂದು ಒಂದು ಪತ್ರ ಇಡಿ. ಆ ಪತ್ರ ಯಾಕೆಂದರೆ ಫಾರಂ 6ರಲ್ಲಿ ಒಂದು ಘೋಷಣೆಗೆ ಸಹಿ ಹಾಕಬೇಕು, ಮತ್ತು ಸುಳ್ಳು ಘೋಷಣೆಗೆ 1950ರ ಕಾಯ್ದೆಯ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಹಳೆಯ ನಮೂದಿನ ಕಥೆಯನ್ನು ನೀವೇ ಮೊದಲು ಹೇಳಿಬಿಟ್ಟರೆ ಮುಂದೆ ಯಾರೂ ಅದನ್ನು ಮುಚ್ಚಿಟ್ಟಿರಿ ಎನ್ನುವಂತಿಲ್ಲ.

ಕೊನೆಯ ದಿನಾಂಕದ ಲೆಕ್ಕ

ಇಲ್ಲಿ ಎಡವುವವರೇ ಬಹಳ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಪಟ್ಟಿಯಲ್ಲಿ ಒಂದು ಹೆಸರು ಸೇರಿಸುವಂತೆಯೂ ಇಲ್ಲ, ತೆಗೆಯುವಂತೆಯೂ ಇಲ್ಲ. 23ನೇ ಕಲಂ ಹಾಗೆ ಹೇಳುತ್ತದೆ. ಅರ್ಜಿ ಬಂದ ಮೇಲೆ ಆಕ್ಷೇಪಣೆಗಾಗಿ ಕನಿಷ್ಠ 7 ದಿನ ಪ್ರಕಟಿಸಿಡಬೇಕು, ನಡುವೆ ಬಿಎಲ್‌ಒ ಮನೆಗೆ ಬಂದು ನೋಡಬೇಕು. ಹಾಗಾಗಿ ನಾಮಪತ್ರದ ಕೊನೆಯ ದಿನಕ್ಕೆ ಕನಿಷ್ಠ 10 ದಿನ ಮೊದಲು ಅರ್ಜಿ ಒಳಗೆ ಹೋಗಿರಬೇಕು. ಮತದಾನಕ್ಕೆ ಇನ್ನೂ ತಿಂಗಳಿದೆ ಎಂದು ಕೂತವರು ಈ ಲೆಕ್ಕ ತಪ್ಪಿ ಹೊರಗುಳಿಯುತ್ತಾರೆ. ಚುನಾವಣೆ ಘೋಷಣೆಯಾದ ದಿನವೇ ಪಟ್ಟಿ ನೋಡಿದರೂ ತಡವಾಯಿತೆಂದೇ ಇಟ್ಟುಕೊಳ್ಳಿ.

ಮನೆಯಲ್ಲಿ 17 ತುಂಬಿದವರಿದ್ದರೆ ಅವರೂ ಮುಂಗಡ ಅರ್ಜಿ ಹಾಕಬಹುದು. ಮೊದಲು ಜನವರಿ 1 ಒಂದೇ ಅರ್ಹತಾ ದಿನಾಂಕವಿತ್ತು, ಅಂದರೆ ಆ ದಿನಕ್ಕೆ 18 ತುಂಬಿರಬೇಕಿತ್ತು. 2021ರ ತಿದ್ದುಪಡಿಯ ನಂತರ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಸೇರಿವೆ.

ಬೆಂಗಳೂರಿನಲ್ಲಿ ನಿಮ್ಮದೇ ಹೆಸರು

ಬಾಡಿಗೆ ಮನೆಯವರಿಗೆ ಮತವಿಲ್ಲ ಎಂಬುದು ಸುಳ್ಳು. ಕಾಯ್ದೆ ಕೇಳುವುದು ‘ಸಾಮಾನ್ಯ ವಾಸ’ ಎಲ್ಲಿ ಎಂದು. ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಕೇಳುವುದೇ ಇಲ್ಲ. ಒಂದೂರಿನಲ್ಲಿ ಮನೆ ಇದೆ ಎಂಬ ಕಾರಣವೊಂದಕ್ಕೇ ನೀವು ಅಲ್ಲಿನ ನಿವಾಸಿ ಆಗುವುದಿಲ್ಲ ಎಂದು 20ನೇ ಕಲಂ ನೇರವಾಗಿ ಹೇಳುತ್ತದೆ. ಸ್ವಲ್ಪ ದಿನ ಹೊರಗಿದ್ದ ಮಾತ್ರಕ್ಕೆ ಊರಿನ ವಾಸ ತಪ್ಪುವುದೂ ಇಲ್ಲ. ವರ್ಷಗಳಿಂದ ಬೆಂಗಳೂರಿನಲ್ಲೇ ಕೆಲಸ, ಮನೆ ಎಲ್ಲ ಇದ್ದರೆ ನಿಮ್ಮ ಹೆಸರು ಬೆಂಗಳೂರಿಗೇ ಸೇರಬೇಕು.

ಅದಕ್ಕೆ ತುಂಬಬೇಕಾದ್ದು ಫಾರಂ 8. ಫಾರಂ 6 ಅಲ್ಲವೇ ಅಲ್ಲ. ಬೆಂಗಳೂರಿಗೆ ಬಂದವರು ಅತಿ ಹೆಚ್ಚು ಮಾಡುವ ತಪ್ಪು ಇದು. ಹೊಸ ಫಾರಂ 6 ಹಾಕಿ ಎರಡನೇ ಕಾರ್ಡ್ ಪಡೆಯುತ್ತಾರೆ, ಊರಿನ ಹೆಸರು ಹಾಗೇ ಉಳಿಯುತ್ತದೆ. ಎರಡು ಕ್ಷೇತ್ರಗಳಲ್ಲಿ ಹೆಸರಿರಕೂಡದು ಎಂಬುದು 17ನೇ ಕಲಂ. ಮುಂದೊಂದು ದಿನ ಜೋಡಿ ಹೆಸರುಗಳನ್ನು ಹುಡುಕಿ ತೆಗೆಯುವಾಗ ಯಾವುದು ಹೋಗುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಫಾರಂ 8ರಲ್ಲಿ ‘ವಾಸಸ್ಥಳ ಬದಲಾವಣೆ’ ಎಂಬುದನ್ನು ಆರಿಸಿ, ‘ಕ್ಷೇತ್ರದ ಹೊರಗೆ’ ಎಂದು ಗುರುತು ಹಾಕಿದರೆ ಹಳೆಯ ನಮೂದು ತೆಗೆದು ಹೊಸದು ಬರೆಯುವುದು ಇಲಾಖೆಯ ಜವಾಬ್ದಾರಿ. ಎಪಿಕ್ ಸಂಖ್ಯೆ ಹಳೆಯದೇ ಇರುತ್ತದೆ. ಅದೇ ಫಾರಂನಲ್ಲಿ ತಿದ್ದುಪಡಿ, ಕಳೆದ ಕಾರ್ಡಿಗೆ ಬದಲಿ, ಅಂಗವಿಕಲರೆಂದು ಗುರುತಿಸುವ ಕೋರಿಕೆ ಕೂಡ ಇವೆ. ಹಳೆಯ ಫಾರಂ 8ಎ 2022ರ ಆಗಸ್ಟ್‌ನಿಂದ ಇಲ್ಲ. ಸೈಬರ್ ಸೆಂಟರಿನಲ್ಲಿ ಯಾರಾದರೂ ಅದನ್ನು ಕೊಟ್ಟರೆ ವಾಪಸ್ ಕೊಡಿ.

ವಿಳಾಸದ ದಾಖಲೆಯಲ್ಲಿ ಒಂದು ತೊಡಕಿದೆ. ಬಾಡಿಗೆ ಕರಾರು ನೋಂದಾಯಿತವಾಗಿರಬೇಕು ಎಂದು ಫಾರಂ ಹೇಳುತ್ತದೆ, ಬೆಂಗಳೂರಿನಲ್ಲಿ ಮಾಡುವುದು 11 ತಿಂಗಳ ಸ್ಟಾಂಪ್ ಪೇಪರ್ ಕರಾರು. ಮಾಲೀಕರ ಜೊತೆ ಗುದ್ದಾಡುವುದು ಬೇಡ. ನಿಮ್ಮ ಹೆಸರಿನ ಗ್ಯಾಸ್ ಸಂಪರ್ಕದ ಬಿಲ್, ಹೊಸ ವಿಳಾಸ ಹಾಕಿಸಿದ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ವಿಳಾಸ ಬದಲಿಸಿದ ಆಧಾರ್, ಇವುಗಳಲ್ಲಿ ಒಂದಿದ್ದರೂ ಸಾಕು. ನೀರು, ವಿದ್ಯುತ್, ಗ್ಯಾಸ್ ಬಿಲ್ಲಾದರೆ ಒಂದು ವರ್ಷದಷ್ಟಾದರೂ ಹಳೆಯ ಸಂಪರ್ಕವಿರಬೇಕು. ಏನೂ ಇಲ್ಲದಿದ್ದರೆ ಬಿಎಲ್‌ಒ ಸ್ಥಳ ಪರಿಶೀಲನೆ ಮಾಡಬೇಕು. ಅದಕ್ಕಾಗಿಯೇ ಬೀದಿಯಲ್ಲಿ ಮಲಗುವವರಿಗೂ ಪಟ್ಟಿಯಲ್ಲಿ ಜಾಗ ಸಿಗುತ್ತದೆ.

ಆನ್‌ಲೈನ್‌ನಲ್ಲಿ ತುಂಬುವವರು ಎರಡು ಕಡೆ ಕಣ್ಣಿಡಿ. ಇಂಗ್ಲಿಷಿನಲ್ಲಿ ಹೆಸರು ಹೊಡೆದ ಕೂಡಲೇ ಪಕ್ಕದ ಖಾನೆಯಲ್ಲಿ ಕನ್ನಡ ತಾನಾಗಿ ಮೂಡುತ್ತದೆ. ಲತಾ ಹೋಗಿ ಲಥಾ ಆಗುವುದು, ಕೊಟ್ರೇಶ ಕೋಟ್ರೆಶ ಆಗುವುದು ಅಲ್ಲೇ. ಮತಗಟ್ಟೆಯಲ್ಲಿ ಓದುವುದು ಕನ್ನಡದ ಪಟ್ಟಿಯನ್ನು, ಆ ಖಾನೆಯನ್ನು ಕೈಯಾರೆ ತಿದ್ದಿ. ಎರಡನೆಯದು ಬಿಎಲ್‌ಒ ಭೇಟಿ. ಅಪಾರ್ಟ್‌ಮೆಂಟುಗಳಲ್ಲಿ ಬಿಎಲ್‌ಒಗಳನ್ನು ಗೇಟಿನಲ್ಲೇ ತಡೆಯುತ್ತಾರೆ, ಹಗಲಲ್ಲಿ ಮನೆಗೆ ಬೀಗವಿರುತ್ತದೆ, ‘ವಾಸವಿಲ್ಲ’ ಎಂದು ವರದಿ ಹೋಗಿ ಅರ್ಜಿ ತಿರಸ್ಕೃತವಾಗುತ್ತದೆ. ಅರ್ಜಿಯಲ್ಲಿ ಸದಾ ಬಳಸುವ ಮೊಬೈಲ್ ನಂಬರ್, ಹತ್ತಿರದ ಗುರುತು ಕೊಡಿ. ಬಿಎಲ್‌ಒ ನಂಬರ್ ಜಾಲತಾಣದಲ್ಲೇ ಸಿಗುತ್ತದೆ, ನೀವೇ ಒಮ್ಮೆ ಫೋನ್ ಮಾಡಿ. ಅವರಲ್ಲಿ ಹೆಚ್ಚಿನವರು ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು. ಸಂಜೆ ನಾಲ್ಕರ ನಂತರ ಮಾತಿಗೆ ಸಿಗುತ್ತಾರೆ.

ಮನೆ ಬಾಗಿಲಿಗೆ ಬಂದು ಗುರುತಿನ ಬ್ಯಾಡ್ಜ್ ತೋರಿಸಿ ಮಾಹಿತಿ ಕೇಳುವವರೆಲ್ಲ ಬಿಎಲ್‌ಒಗಳೇ ಅಲ್ಲ. 2022ರಲ್ಲಿ ಬೆಂಗಳೂರಿನಲ್ಲಿ ಖಾಸಗಿಯವರು ಮತದಾರರ ಮಾಹಿತಿ ಸಂಗ್ರಹಿಸಿದ್ದು ಬಯಲಾಗಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮರುಪರಿಶೀಲಿಸಲು ಆಯೋಗವೇ ಆದೇಶಿಸಬೇಕಾಯಿತು. ಹೆಸರು, ನಂಬರ್ ಕೇಳಿ, ಜಾಲತಾಣದಲ್ಲಿರುವ ಬಿಎಲ್‌ಒ ಹೆಸರಿನೊಂದಿಗೆ ತಾಳೆ ನೋಡಿದ ಮೇಲೆ ಮಾತಾಡಿ.

ಫಾರಂ 7: ನಿಮ್ಮ ಹೆಸರನ್ನು ಇನ್ನೊಬ್ಬರು ತೆಗೆಸಬಹುದೇ?

ಅರ್ಜಿ ಹಾಕಬಹುದು, ತೆಗೆಸಲಾಗದು. ಅದೇ ಕ್ಷೇತ್ರದ ಯಾವ ಮತದಾರರಾದರೂ ಫಾರಂ 7 ಹಾಕಿ ಇಂಥವರ ಹೆಸರು ತೆಗೆಯಿರಿ ಎಂದು ಕೇಳಬಹುದು. ತೀರ್ಮಾನ ನೋಂದಣಿ ಅಧಿಕಾರಿಯದು, ಅದೂ ವಿಚಾರಣೆಯ ನಂತರ. ಇದು ದುರ್ಬಳಕೆ ಆಗುವ ಬಗೆ ತಿಳಿಯಬೇಕೆಂದರೆ ಕಲಬುರಗಿ ಜಿಲ್ಲೆಯ ಆಳಂದವನ್ನು ನೋಡಿ. 2022ರ ಡಿಸೆಂಬರ್ ಹೊತ್ತಿಗೆ ಆ ಒಂದೇ ಕ್ಷೇತ್ರದಲ್ಲಿ ಆನ್‌ಲೈನ್ ಮೂಲಕ 6,018 ಫಾರಂ 7 ಅರ್ಜಿಗಳು ಬಂದವು. ಅಷ್ಟು ಬಂದದ್ದೇ ಅನುಮಾನಕ್ಕೆ ಕಾರಣವಾಗಿ ಒಂದೊಂದನ್ನೂ ಪರಿಶೀಲಿಸಿದಾಗ ಸರಿಯಾಗಿದ್ದದ್ದು 24 ಮಾತ್ರ, ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರವರಿಯಲ್ಲಿ ಪೊಲೀಸರಿಗೆ ದೂರು ಹೋಯಿತು. ಅರ್ಜಿದಾರರೆಂದು ನಮೂದಾದವರಿಗೇ ತಮ್ಮ ಹೆಸರಲ್ಲಿ ಅರ್ಜಿ ಹೋದದ್ದು ಗೊತ್ತಿರಲಿಲ್ಲ. ಇದು ರಾಷ್ಟ್ರಮಟ್ಟದ ಸುದ್ದಿಯಾದದ್ದು 2025ರ ಸೆಪ್ಟೆಂಬರಿನಲ್ಲಿ. ಆಳಂದದಲ್ಲಿ ಮತಗಳು ಉಳಿದದ್ದು ಸ್ಥಳ ಪರಿಶೀಲನೆಯಿಂದ. ಆ ಹಂತವನ್ನು ಕಾಟಾಚಾರಕ್ಕೆ ಮುಗಿಸುವ ಕಡೆ ಅಂಥ ಅರ್ಜಿಗಳು ದಾಟಿಹೋಗುವ ಅಪಾಯ ಇದ್ದೇ ಇದೆ.

ನಿಮ್ಮ ಮೇಲೆ ಇಂಥ ಅರ್ಜಿ ಬಂದಿದೆಯೇ ಎಂದು ತಿಳಿಯಲು ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿಯೊಂದಿದೆ. ಬಂದ ಅರ್ಜಿಗಳ ಪಟ್ಟಿಯನ್ನು ನೋಂದಣಿ ಅಧಿಕಾರಿ ಕಚೇರಿಯ ಫಲಕದಲ್ಲೂ ಜಾಲತಾಣದಲ್ಲೂ ಹಾಕಬೇಕು. ಸೇರ್ಪಡೆ ಕೋರಿಕೆಗಳು ನಮೂನೆ 9ರಲ್ಲಿ, ತೆಗೆಯುವ ಕೋರಿಕೆಗಳು ನಮೂನೆ 10ರಲ್ಲಿ, ತಿದ್ದುಪಡಿಗಳು ನಮೂನೆ 11ರಲ್ಲಿ. ನಿಮ್ಮ ಬೂತಿನ ನಮೂನೆ 10ನ್ನು ಚುನಾವಣೆಗೆ ಮೊದಲಿನ ತಿಂಗಳುಗಳಲ್ಲಿ ಆಗಾಗ ನೋಡುತ್ತಿದ್ದರೆ ಹೆಸರು ಹೋಗುವ ಮೊದಲೇ ಎಚ್ಚರವಾಗಬಹುದು. ನೋಟಿಸ್ ಬಂದರೆ ಮಾತ್ರ ಕಡೆಗಣಿಸಬೇಡಿ. ಕರೆದ ದಿನ ಮೂಲ ದಾಖಲೆಗಳೊಂದಿಗೆ ಹೋಗಿ, ಹಾಜರಾಗಿದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ. ಹೋಗದಿದ್ದರೆ ‘ಅವಕಾಶ ಕೊಟ್ಟಿದ್ದೆವು’ ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಆಧಾರ್

ಜೋಡಿಸದಿದ್ದರೆ ಹೆಸರು ಹೋಗುವುದಿಲ್ಲ. 2021ರ ತಿದ್ದುಪಡಿಯಲ್ಲೇ, ಸಕಾರಣವಿದ್ದು ಆಧಾರ್ ಕೊಡಲಾಗದವರ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ, ಇರುವ ಹೆಸರನ್ನು ಅಳಿಸುವಂತಿಲ್ಲ ಎಂದಿದೆ. ಅದು ಕಡ್ಡಾಯವಲ್ಲ ಎಂದು ಆಯೋಗವೂ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಆಧಾರ್ ಸಂಖ್ಯೆ ತಿಳಿಸುವ ಫಾರಂ 6ಬಿ ಕೊಡುವುದು ಬಿಡುವುದು ನಿಮ್ಮಿಷ್ಟ. ‘ಇವತ್ತೇ ಲಿಂಕ್ ಮಾಡಿ, ಇಲ್ಲದಿದ್ದರೆ ಮತ ರದ್ದು’ ಎಂದು ಬರುವ ಫೋನ್, ಲಿಂಕು, ಒಟಿಪಿ ಕೇಳುವ ಸಂದೇಶ ಎಲ್ಲವೂ ದುಡ್ಡು ಎಗರಿಸುವ ಜಾಲ.

ಮತದಾನದ ದಿನ, ಮೇಜಿನ ಮುಂದೆ

ಚಿಕ್ಕಪ್ಪನ ವಿಷಯಕ್ಕೆ ಬರುವ ಮೊದಲು ಮೇಜಿನ ಮೇಲೆ ಏನಾಗುತ್ತದೆ ಎಂದು ತಿಳಿದಿರಲಿ. ಮೊದಲನೇ ಮತಗಟ್ಟೆ ಅಧಿಕಾರಿಯ ಮುಂದೆ ಪಟ್ಟಿಯ ಗುರುತು ಪ್ರತಿ ಇರುತ್ತದೆ. ಅವರು ನಿಮ್ಮ ದಾಖಲೆ ನೋಡಿ, ಕ್ರಮಸಂಖ್ಯೆ ಮತ್ತು ಹೆಸರನ್ನು ಅಭ್ಯರ್ಥಿಗಳ ಏಜೆಂಟರಿಗೆ ಕೇಳುವಂತೆ ಓದಿ, ನಿಮ್ಮ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆ. ಮತದಾರರು ಮಹಿಳೆಯಾದರೆ ಕ್ರಮಸಂಖ್ಯೆಯ ಎಡಕ್ಕೆ ಟಿಕ್ ಕೂಡ ಬೀಳುತ್ತದೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, 17ಎ ರಿಜಿಸ್ಟರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು ಪಡೆದು ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ಪಡೆದು ಯಂತ್ರ ಸಿದ್ಧಮಾಡುತ್ತಾರೆ. ಬೆರಳಿಗೆ ಹಚ್ಚುವುದು ಸಿಲ್ವರ್ ನೈಟ್ರೇಟ್ ಇರುವ, ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯ ಶಾಯಿ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತಿದೆ. ಬೆರಳಿಗೆ ಎಣ್ಣೆ, ಜಿಡ್ಡು ಇದ್ದರೆ ಒರೆಸಿಯೇ ಹಚ್ಚಬೇಕು, ಇಲ್ಲದಿದ್ದರೆ ಬಣ್ಣ ಚರ್ಮಕ್ಕೆ ಹಿಡಿಯುವುದಿಲ್ಲ.

ದಾಖಲೆಯ ವಿಷಯ. ವೋಟರ್ ಐಡಿ ಇಲ್ಲದವರಿಗೆ 2024ರ ಲೋಕಸಭಾ ಚುನಾವಣೆಯಲ್ಲಿ ಆಯೋಗ 12 ಪರ್ಯಾಯ ದಾಖಲೆಗಳನ್ನು ಒಪ್ಪಿತ್ತು: ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಕಾರ್ಮಿಕ ಸಚಿವಾಲಯದ ಆರೋಗ್ಯ ವಿಮೆ ಸ್ಮಾರ್ಟ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಕಾರ್ಡ್, ಜನಸಂಖ್ಯಾ ನೋಂದಣಿಯ ಸ್ಮಾರ್ಟ್ ಕಾರ್ಡ್, ಪಾಸ್‌ಪೋರ್ಟ್, ಫೋಟೊ ಇರುವ ಪಿಂಚಣಿ ದಾಖಲೆ, ಸರ್ಕಾರಿ ಮತ್ತು ಸಾರ್ವಜನಿಕ ವಲಯದ ನೌಕರರ ಗುರುತಿನ ಚೀಟಿ, ಸಂಸದರು ಹಾಗೂ ಶಾಸಕರ ಗುರುತಿನ ಚೀಟಿ, ಅಂಗವಿಕಲರ ಯುಡಿಐಡಿ ಕಾರ್ಡ್. ಪಡಿತರ ಚೀಟಿ ಈ ಪಟ್ಟಿಯಲ್ಲಿಲ್ಲ. ಹಳ್ಳಿಯಲ್ಲಿ ಜನ ಮೊದಲು ಕೈಗೆತ್ತಿಕೊಂಡು ಬರುವುದು ಮಾತ್ರ ಅದನ್ನೇ. ಮನೆಗೆ ಬರುವ ಮತದಾರರ ಮಾಹಿತಿ ಚೀಟಿಯೂ ಗುರುತಿನ ದಾಖಲೆಯಲ್ಲ. ಅದು ಬೂತು ಮತ್ತು ಕ್ರಮಸಂಖ್ಯೆ ಹುಡುಕಿಕೊಳ್ಳಲು ಮಾತ್ರ. ಗ್ರಾಮ ಪಂಚಾಯಿತಿ, ನಗರಸಭೆ ಚುನಾವಣೆಗಳನ್ನು ರಾಜ್ಯ ಚುನಾವಣಾ ಆಯೋಗ ನಡೆಸುತ್ತದೆ, ಆಗ ಅವರು ಹೊರಡಿಸುವ ಪಟ್ಟಿಯನ್ನು ಬೇರೆಯಾಗಿ ನೋಡಿಕೊಳ್ಳಿ.

ಮೊಬೈಲಿನಲ್ಲಿ ಇ-ಎಪಿಕ್ (ವೋಟರ್ ಐಡಿಯ ಡಿಜಿಟಲ್ ಪ್ರತಿ) ಇದೆ ಎಂದು ಬರಿಗೈಲಿ ಹೋಗಬೇಡಿ. ಮತಗಟ್ಟೆಯೊಳಗೆ ಮೊಬೈಲ್ ಬಿಡುವುದಿಲ್ಲ. ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಇಲ್ಲವೇ ಮೇಲಿನ ಮೂಲ ದಾಖಲೆಗಳಲ್ಲಿ ಒಂದನ್ನು ಒಯ್ಯಿರಿ.

ಕಾರ್ಡಿನಲ್ಲಿ ಅಕ್ಷರ ತಪ್ಪಿದ್ದರೆ, ವಯಸ್ಸು ಒಂದೆರಡು ವರ್ಷ ಹೆಚ್ಚುಕಡಿಮೆ ಇದ್ದರೆ, ವ್ಯಕ್ತಿ ಇವರೇ ಎಂದು ಗೊತ್ತಾಗುವಂತಿದ್ದರೆ ಅಂಥ ಸಣ್ಣ ತಪ್ಪುಗಳನ್ನು ಕಡೆಗಣಿಸಬೇಕೆಂದೇ ಆಯೋಗದ ಸೂಚನೆ. ಬೇರೆ ಕ್ಷೇತ್ರದಲ್ಲಿ ಕೊಟ್ಟ ಹಳೆಯ ಕಾರ್ಡನ್ನೂ ಒಪ್ಪಬೇಕು, ಈ ಬೂತಿನ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಫೋಟೊ ಹೊಂದದಿದ್ದರೆ ಮಾತ್ರ ಬೇರೊಂದು ದಾಖಲೆ ಕೇಳುತ್ತಾರೆ. ವಾಪಸ್ ಕಳಿಸಲು ನೋಡಿದರೆ ಮೊದಲನೇ ಅಧಿಕಾರಿಯೊಂದಿಗೆ ವಾದಕ್ಕೆ ನಿಲ್ಲದೆ ಅಧ್ಯಕ್ಷಾಧಿಕಾರಿಯನ್ನು ಕೇಳಿ, ತೀರ್ಮಾನ ಅವರದು.

ಇನ್ನೊಂದು ಪಟ್ಟಿ ಅಧ್ಯಕ್ಷಾಧಿಕಾರಿಯ ಬಳಿ ಇರುತ್ತದೆ: ಗೈರು, ಸ್ಥಳಾಂತರ, ಮೃತರ ಪಟ್ಟಿ. ಬಿಎಲ್‌ಒ ಬಂದಾಗ ಮನೆಯಲ್ಲಿಲ್ಲದವರ ಹೆಸರು ಅದರಲ್ಲಿ ಸೇರಿರಬಹುದು. ಅದರಲ್ಲಿ ಹೆಸರಿದೆ ಎಂಬ ಕಾರಣಕ್ಕೆ ಮತ ನಿರಾಕರಿಸುವಂತಿಲ್ಲ. ದಾಖಲೆ ತೋರಿಸಿ, ಸಹಿಯ ಜೊತೆ ಹೆಬ್ಬೆಟ್ಟನ್ನೂ ಒತ್ತಿ, ಘೋಷಣೆ ಬರೆದುಕೊಟ್ಟು ಮತ ಹಾಕಬಹುದು.

ಈಗ ಚಿಕ್ಕಪ್ಪ. ತಮ್ಮ ಹೆಸರಿನಲ್ಲಿ ಬೇರೆಯವರು ಮತ ಹಾಕಿ ಹೋಗಿದ್ದರೂ ಅವರು ವಾಪಸ್ ಬರಬೇಕಾಗಿರಲಿಲ್ಲ. 1961ರ ಚುನಾವಣಾ ನಡವಳಿ ನಿಯಮಗಳ 49ಪಿ ಅಡಿ ‘ಟೆಂಡರ್ಡ್ ವೋಟ್’ ಕೇಳಬೇಕಿತ್ತು. ಅಧ್ಯಕ್ಷಾಧಿಕಾರಿ ಗುರುತಿನ ಬಗ್ಗೆ ಪ್ರಶ್ನೆ ಕೇಳುತ್ತಾರೆ, ಉತ್ತರ ಸರಿಯಾಗಿದ್ದರೆ 17ಬಿ ನಮೂನೆಯಲ್ಲಿ ಸಹಿ ಹಾಕಿಸಿಕೊಂಡು ಕಾಗದದ ಮತಪತ್ರ ಕೊಡುತ್ತಾರೆ. ಯಂತ್ರದ ಗುಂಡಿ ಒತ್ತುವಂತಿಲ್ಲ. ಮರೆಯಲ್ಲಿ ಗುರುತು ಒತ್ತಿ, ಮಡಚಿ, ಅಧ್ಯಕ್ಷಾಧಿಕಾರಿಗೇ ಕೊಡಬೇಕು. ಅದು ಪ್ರತ್ಯೇಕ ಲಕೋಟೆಗೆ ಹೋಗುತ್ತದೆ.

ಎಣಿಕೆಯ ದಿನ ಆ ಲಕೋಟೆ ತೆರೆಯುವುದಿಲ್ಲ, ಇದು ನೇರವಾಗಿ ಹೇಳಬೇಕಾದ ಮಾತು. ಹಾಗಾದರೆ ಪ್ರಯೋಜನವೇನು? ಗೆಲುವಿನ ಅಂತರ ತೀರಾ ಕಡಿಮೆಯಾಗಿ, ಸೋತವರು ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಿದಾಗ ಅದು ಸಾಕ್ಷಿಯಾಗುತ್ತದೆ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಒಂದೇ ಮತದಿಂದ ಸೋತಾಗ ಮೊಕದ್ದಮೆ ಟೆಂಡರ್ಡ್ ಮತಗಳ ಸುತ್ತಲೂ ತಿರುಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಮ್ಮಲ್ಲೂ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದು ಮತದಿಂದಲೇ: 40,752ಕ್ಕೆ 40,751. ಸುಮ್ಮನೆ ವಾಪಸ್ ಬಂದರೆ ಕಳ್ಳಮತ ಬಿದ್ದದ್ದಕ್ಕೆ ದಾಖಲೆಯೇ ಉಳಿಯುವುದಿಲ್ಲ.

ಕಳ್ಳಮತ ಹಾಕಲು ಬಂದವನನ್ನು ಮೇಜಿನ ಮುಂದೆಯೇ ಹಿಡಿಯುವ ದಾರಿ ಅದೇ ನಿಯಮಗಳ 49ಜೆ. ಅಭ್ಯರ್ಥಿಯ ಏಜೆಂಟ್ 2 ರೂಪಾಯಿ ಠೇವಣಿ ಇಟ್ಟು ಗುರುತನ್ನು ಪ್ರಶ್ನಿಸಬಹುದು. (ಹೌದು, ಎರಡೇ ರೂಪಾಯಿ.) ಅಧ್ಯಕ್ಷಾಧಿಕಾರಿ ಅಲ್ಲೇ ಸಂಕ್ಷಿಪ್ತ ವಿಚಾರಣೆ ಮಾಡಿ, ಆರೋಪ ನಿಲ್ಲದಿದ್ದರೆ ಮತ ಹಾಕಲು ಬಿಡುತ್ತಾರೆ, ಸಾಬೀತಾದರೆ ಲಿಖಿತ ದೂರಿನೊಂದಿಗೆ ಪೊಲೀಸರಿಗೆ ಒಪ್ಪಿಸುತ್ತಾರೆ. ಸೋಗು ಹಾಕಿ ಮತ ಚಲಾಯಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 174ನೇ ಕಲಂ ಅಡಿ ಒಂದು ವರ್ಷದವರೆಗೆ ಸಜೆ, ದಂಡ ಅಥವಾ ಎರಡೂ ಇವೆ. ಊರಿನ ಜನರ ಮುಖಪರಿಚಯವಿರುವ ಏಜೆಂಟ್ ಕೂತಿರುವ ಬೂತಿನಲ್ಲಿ ಕಳ್ಳಮತ ಕಷ್ಟ. ನಗರಗಳಲ್ಲಿ ಏಜೆಂಟರಿಗೂ ಪಕ್ಕದ ಬೀದಿಯವರು ಗೊತ್ತಿರುವುದಿಲ್ಲ.

ಪ್ರತಿ ಚುನಾವಣೆಗೂ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ಸೆಕ್ಷನ್ 49ಎ ಅಡಿ ‘ಚಾಲೆಂಜ್ ವೋಟ್’ ಹಾಕಿ, ಒಂದು ಬೂತಿನಲ್ಲಿ 14 ಶೇಕಡಾಕ್ಕಿಂತ ಹೆಚ್ಚು ಟೆಂಡರ್ಡ್ ಮತ ಬಿದ್ದರೆ ಮರುಮತದಾನ ಎಂದು. ಎರಡೂ ಸುಳ್ಳು. ಹೆಸರಿಲ್ಲದವರಿಗೆ ಯಾವ ಹೆಸರಿನ ಮತವೂ ಇಲ್ಲ, 14 ಶೇಕಡಾದ ನಿಯಮ ಎಲ್ಲೂ ಇಲ್ಲ.

ಅಮ್ಮನಿಗೆ ನಡೆಯಲು ತ್ರಾಸವಿದ್ದರೆ ಒಂದು ಮಾತು. 85 ದಾಟಿದವರು ಮತ್ತು ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು ಅಧಿಸೂಚನೆ ಹೊರಟ 5 ದಿನದೊಳಗೆ 12ಡಿ ನಮೂನೆಯ ಅರ್ಜಿ ಕೊಟ್ಟರೆ ಮನೆಯಲ್ಲೇ ಮತ ಹಾಕಬಹುದು. ಹಾಗೆ ಕೊಟ್ಟ ಮೇಲೆ ಬೂತಿಗೆ ಹೋಗಿ ಹಾಕುವಂತಿಲ್ಲ.

ವಿಶೇಷ ತೀವ್ರ ಪರಿಷ್ಕರಣೆ

‘ಎಸ್‌ಐಆರ್’ ಎಂದು ಎಲ್ಲರೂ ಹೇಳುತ್ತಿರುವುದು ಇದನ್ನೇ: ಮನೆಮನೆ ಗಣತಿ ಮಾಡಿ ಮತದಾರರ ಪಟ್ಟಿಯನ್ನು ಹೊಸದಾಗಿ ತಯಾರಿಸುವುದು. 2025ರ ಜೂನ್ 24ರ ಆದೇಶದಿಂದ ಬಿಹಾರದಲ್ಲಿ ಶುರುವಾಯಿತು. ಅಲ್ಲಿ 7.89 ಕೋಟಿ ಇದ್ದ ಪಟ್ಟಿ ಕರಡಿನಲ್ಲಿ 7.24 ಕೋಟಿಗೆ ಇಳಿದು, ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ 7.42 ಕೋಟಿಗೆ ನಿಂತಿತು. ಕರಡಿನಿಂದ ಹೊರಬಿದ್ದ 65 ಲಕ್ಷ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಿ ಎಂದು ಆಗಸ್ಟ್ 14ರಂದು, ಆಧಾರನ್ನು ಪರಿಷ್ಕರಣೆಗೆ ಕೇಳುವ ದಾಖಲೆಗಳಲ್ಲಿ 12ನೆಯದಾಗಿ ಒಪ್ಪಿ ಎಂದು ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಆಧಾರ್ ಗುರುತಿಗೆ ಮಾತ್ರ, ಪೌರತ್ವಕ್ಕೆ ಪುರಾವೆಯಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. ಅಕ್ಟೋಬರ್ 27ರಂದು ಘೋಷಿಸಿದ ಎರಡನೇ ಹಂತದ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಕರ್ನಾಟಕ ಇರಲಿಲ್ಲ. ಆದರೆ ಕೇರಳ, ಗೋವಾ, ತಮಿಳುನಾಡು ಇದ್ದವು, ಅಂದರೆ ಕಾಸರಗೋಡು, ಹೊಸೂರು, ಮಡಗಾಂವ್ ಕನ್ನಡಿಗರಿಗೆ ಈ ಅನುಭವ ನಮಗಿಂತ ಮೊದಲೇ ಆಗಿದೆ.

ಇದರ ಕೀಲಿ ಹಳೆಯ ಪಟ್ಟಿ. ಕರ್ನಾಟಕದಲ್ಲಿ ಹಿಂದಿನ ತೀವ್ರ ಪರಿಷ್ಕರಣೆ ಆದದ್ದು 2002ರಲ್ಲಿ. ಆ ಪಟ್ಟಿಯಲ್ಲಿ ನಿಮ್ಮ ಅಥವಾ ಅಪ್ಪ ಅಮ್ಮನ ಹೆಸರಿದ್ದರೆ ಭಾಗದ ಸಂಖ್ಯೆ, ಕ್ರಮಸಂಖ್ಯೆಯನ್ನು ಗಣತಿ ನಮೂನೆಯಲ್ಲಿ (ಪರಿಷ್ಕರಣೆಗಾಗಿ ಬಿಎಲ್‌ಒ ಮನೆಗೆ ತಂದುಕೊಡುವ ಫಾರಂ) ಬರೆದರೆ ಕೆಲಸ ಹಗುರ. ಎರಡನೇ ಹಂತದಲ್ಲಿ ನಮೂನೆಯೊಂದಿಗೆ ಕಾಗದ ಕೇಳಲಿಲ್ಲ, ಹಳೆಯ ಪಟ್ಟಿಗೆ ತಾಳೆಯಾಗದವರಿಗೆ ನೋಟಿಸ್ ಕೊಟ್ಟು ಆಮೇಲೆ ದಾಖಲೆ ಕೇಳಿದರು. 2002ರ ನಂತರ ಕ್ಷೇತ್ರಗಳ ಗಡಿ ಬದಲಾಗಿವೆ, 2008ರ ಚುನಾವಣೆ ಹೊಸ ಗಡಿಗಳಲ್ಲೇ ನಡೆಯಿತು. ಹಾಗಾಗಿ ಈಗಿನ ಕ್ಷೇತ್ರದ ಹೆಸರಲ್ಲಿ ಹುಡುಕಿದರೆ ಸಿಗದಿರಬಹುದು. ಆಗ ಊರು ಯಾವ ಕ್ಷೇತ್ರದಲ್ಲಿತ್ತು ಎಂದು ಹಿರಿಯರನ್ನು ಕೇಳಿ, ಊರಿನ ಹೆಸರಿನಿಂದ ಭಾಗ ಹುಡುಕಿ, ಆ ಪುಟವನ್ನು ಈಗಲೇ ಪ್ರಿಂಟ್ ತೆಗೆದಿಡಿ. ಮದುವೆಯಾಗಿ ಬೇರೆ ಊರಿಗೆ ಬಂದವರು ತವರಿನ ಪಟ್ಟಿಯಲ್ಲಿ ತಂದೆತಾಯಿಯ ಹೆಸರು ನೋಡಬೇಕು. ಹೆಂಗಸರ ಅರ್ಜಿಗಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ, ಯಾಕೆಂದರೆ ಮದುವೆಗೆ ಮೊದಲಿನ ಹೆಸರು, ಊರು, ಸಂಬಂಧಿಯ ಹೆಸರು ಮೂರೂ ಬದಲಾಗಿರುತ್ತವೆ.

ಹಳೆಯ ಪಟ್ಟಿಯಲ್ಲಿ ಏನೂ ಸಿಗದಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕುಪತ್ರ, ಸರ್ಕಾರ ಕೊಟ್ಟ ನಿವೇಶನ ಅಥವಾ ಜಮೀನಿನ ಮಂಜೂರಾತಿ ಪತ್ರ, ಪಿಂಚಣಿ ಆದೇಶ, 1987ರ ಜುಲೈ 1ಕ್ಕೆ ಮೊದಲು ಬ್ಯಾಂಕ್, ಅಂಚೆ, ಎಲ್‌ಐಸಿ ಕೊಟ್ಟ ದಾಖಲೆ, ಇವುಗಳಲ್ಲಿ ಏನಿದೆ ನೋಡಿಕೊಳ್ಳಿ. ಆ 1987ರ ದಿನಾಂಕ ಪೌರತ್ವ ಕಾಯ್ದೆಯದು: ಅದಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು, ಆಮೇಲೆ ಹುಟ್ಟಿದವರ ವಿಷಯದಲ್ಲಿ ತಂದೆತಾಯಿಯ ಪೌರತ್ವವೂ ಲೆಕ್ಕಕ್ಕೆ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ಕಾಗದ ಇಡುವ ಅಭ್ಯಾಸವಿಲ್ಲದ ಕೂಲಿಕಾರರು, ಗುಳೆ ಹೋಗುವವರು, ಅಲೆಮಾರಿ ಸಮುದಾಯದವರಿಗೆ ಈ ಇಡೀ ವಿಧಾನ ಭಾರ. ಗಣತಿಯ ತಿಂಗಳಲ್ಲಿ ಅವರು ಊರಲ್ಲಿರುವುದೇ ಅನುಮಾನ. ಗುಳೆ ಹೋದ ನೆರೆಯವರಿದ್ದರೆ ಅವರ ನಮೂನೆಗೆ ಮನೆಯ ಯಾರಾದರೂ ಸಹಿ ಹಾಕಿ ಕೊಡಬಹುದೆಂದು ತಿಳಿಸಿ.

ಲಂಡನ್‌ನಲ್ಲಿರುವ ತಮ್ಮ

ಭಾರತದ ಪಾಸ್‌ಪೋರ್ಟ್ ಇರುವುದರಿಂದ ಫಾರಂ 6ಎ ಹಾಕಿ ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಸಾಗರೋತ್ತರ ಮತದಾರನಾಗಬಹುದು. ಆದರೆ ಮತ ಹಾಕಲು ಇಲ್ಲಿಗೇ ಬರಬೇಕು, ಮತ್ತು ಅವನಿಗೆ ಗುರುತಿನ ದಾಖಲೆ ಮೂಲ ಪಾಸ್‌ಪೋರ್ಟ್ ಒಂದೇ, ಆಧಾರ್ ನಡೆಯುವುದಿಲ್ಲ.

ಅವನಿಗೆ ಗೊತ್ತಿಲ್ಲದಿರಬಹುದಾದ ಇನ್ನೊಂದು ಸಂಗತಿ: ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪೌರರು ಅಲ್ಲಿನ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು, ಭಾರತೀಯರೂ ಅದರಲ್ಲಿ ಸೇರಿದ್ದಾರೆ. ಅಲ್ಲಿ 2022ರ ಕಾಯ್ದೆಯಿಂದ ಮತಗಟ್ಟೆಯಲ್ಲಿ ಫೋಟೊ ಗುರುತು ಕಡ್ಡಾಯವಾಯಿತು, 2023ರ ಮೇ ತಿಂಗಳ ಇಂಗ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ಮೊದಲು ಜಾರಿಗೆ ಬಂತು. ಕಾಮನ್‌ವೆಲ್ತ್ ದೇಶದ ಪಾಸ್‌ಪೋರ್ಟ್ ಅವರ ಪಟ್ಟಿಯಲ್ಲಿದೆ, ಹಾಗಾಗಿ ಭಾರತದ ಪಾಸ್‌ಪೋರ್ಟನ್ನೇ ತೋರಿಸಬಹುದು. ಯಾವ ದಾಖಲೆಯೂ ಇಲ್ಲದವರಿಗೆ ಸ್ಥಳೀಯ ಕೌನ್ಸಿಲ್ ಉಚಿತವಾಗಿ ಮತದಾರರ ಪ್ರಮಾಣಪತ್ರ ಕೊಡುತ್ತದೆ, ಮತದಾನಕ್ಕೆ ಆರು ಕೆಲಸದ ದಿನ ಮೊದಲು ಸಂಜೆ 5ರೊಳಗೆ ಅರ್ಜಿ ಹಾಕಿರಬೇಕು. ಪಟ್ಟಿಯಲ್ಲಿ ಹೆಸರು ಸೇರಿಸುವುದು ಅಲ್ಲೂ ಬೇರೆ ಅರ್ಜಿ, ಅದರ ಕೊನೆಯ ದಿನ ಇನ್ನೂ ಮೊದಲೇ ಬರುತ್ತದೆ.